ನೋವಿನ ಔಷಧಿಯ ಟ್ರಯಲ್‌ಗೆ ಸೇರೋಣವಾ, ಬೇಡವಾ? ಕೊಡಗಿನ ಮನೆಯವರಿಗೆ ಒಂದು ಹೋಲಿಕೆ

ನಮ್ಮ ಅತ್ತೆಗೆ ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಸೊಂಟ, ಬೆನ್ನು, ಎಡಗಾಲು ಎಲ್ಲಾ ಕಡೆ ನೋವು. ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರ್ ನೋಡಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಫೈಲ್ ಹಿಡಿದು ಬಂದಳು. "ನೋವಿಗೆ ಹೊಸ ಔಷಧಿಯ ಟ್ರಯಲ್ ನಡೀತಿದೆ, ಸೇರ್ತೀರಾ?" ಎಂದು ಕೇಳಿದಳು. ಟ್ರಯಲ್ ಎಂದರೆ ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡಿ ನೋಡುವುದು. ಹದಿನೆಂಟು ಪುಟದ ಇಂಗ್ಲಿಷ್ ಕಾಗದ. ಹತ್ತು ನಿಮಿಷದಲ್ಲಿ ಸಹಿ ಆಗಬೇಕಂತೆ, ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಅತ್ತೆ ಕಾಗದದ ಕಡೆ ನೋಡಲೇ ಇಲ್ಲ. ಅವರು ಕೇಳಿದ್ದು ಒಂದೇ ಮಾತು. "ರಾತ್ರಿ ಎರಡು ಗಂಟೆಗೆ ನೋವು ಬಂದ್ರೆ ನಾನು ಯಾವ ಮಾತ್ರೆ ತಗೊಳ್ಳಲಿ ಮಗಾ?"

ಆ ಹುಡುಗಿಗೆ ಉತ್ತರ ಗೊತ್ತಿರಲಿಲ್ಲ. ನಾವು ಎದ್ದು ಬಂದೆವು.

ಕಾರಿನಲ್ಲಿ ನನಗೆ ಸಮಾಧಾನ ಇರಲಿಲ್ಲ. ಒಳ್ಳೆಯ ಅವಕಾಶ ಬಿಟ್ಟೆವೇನೋ ಅನ್ನಿಸಿತು. ಆಮೇಲೆ ಎರಡು ಮೂರು ತಿಂಗಳು ಇದರ ಹಿಂದೆ ಬಿದ್ದೆ. ಡಾಕ್ಟರುಗಳನ್ನು ಕೇಳಿದೆ, ನಿಯಮಗಳನ್ನು ಓದಿದೆ, ಹೊರದೇಶಗಳಲ್ಲಿ ನಡೆದ ಟ್ರಯಲ್‌ಗಳ ಬಗ್ಗೆ ತಿಳಿದುಕೊಂಡೆ. ನಾನು ಡಾಕ್ಟರ್ ಅಲ್ಲ, ತೋಟದ ಮನೆಯ ಹೆಂಗಸು. ಆದರೆ ಇಷ್ಟು ಧೈರ್ಯವಾಗಿ ಹೇಳಬಲ್ಲೆ: ಅತ್ತೆ ಕೇಳಿದ್ದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇಲ್ಲಿ ಎಲ್ಲ ದಾರಿಗಳನ್ನೂ ಅದೇ ಪ್ರಶ್ನೆಯಿಂದ ಅಳೆದಿದ್ದೇನೆ. ಕೊಡಗಿನವರು ಅದಕ್ಕೆ ಇನ್ನೊಂದು ಮಾತು ಸೇರಿಸಿಕೊಳ್ಳಬೇಕು. ಆ ರಾತ್ರಿ ಜುಲೈ ತಿಂಗಳಿನದು ಎಂದುಕೊಳ್ಳಿ. ಕರೆಂಟ್ ಇಲ್ಲ, ಫೋನಿಗೆ ಟವರ್ ಸಿಗುತ್ತಿಲ್ಲ, ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆ ಮೇಲೆ ನೀರು. ಆಗ ಏನು?

ಟ್ರಯಲ್ ಇಲ್ಲದ ದಾರಿ ಮೊದಲು

ಬಹಳ ಮನೆಗಳಲ್ಲಿ ಟ್ರಯಲ್‌ಗೆ ಹೂಂ ಅನ್ನುವುದು ಒಂದೇ ಕಾರಣಕ್ಕೆ. ನೋವು ತಡೆಯಲು ಆಗುತ್ತಿಲ್ಲ, ಬೇರೆ ದಾರಿ ಇಲ್ಲ ಎಂದುಕೊಂಡಿರುತ್ತಾರೆ. ಬೇರೆ ದಾರಿ ಇದೆ. ಹಳೆಯದು, ಅಗ್ಗದ್ದು, ಚೆನ್ನಾಗಿ ಪರೀಕ್ಷೆಯಾದದ್ದು. ಅದನ್ನು ನೋಡದೆ ಟ್ರಯಲ್‌ಗೆ ಹೋಗಬಾರದು.

ಓಪಿಯಾಯ್ಡ್ ಎಂದರೆ ಅಫೀಮಿನಿಂದ ತೆಗೆದ, ಇಲ್ಲವೇ ಅಫೀಮಿನ ಹಾಗೆ ಕೆಲಸ ಮಾಡುವ ನೋವಿನ ಔಷಧಿಗಳು. ಮಾರ್ಫಿನ್, ಫೆಂಟಾನಿಲ್, ಕೋಡೀನ್, ಟ್ರಾಮಡಾಲ್, ಟಪೆಂಟಾಡಾಲ್ ಎಲ್ಲಾ ಇದೇ ಬಳಗ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ರೈತರು ಅಫೀಮು ಬೆಳೆಯುತ್ತಾರೆ. ನೀಮಚ್ ಮತ್ತು ಘಾಜಿಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಇಷ್ಟಾದರೂ ಈ ದೇಶದ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಅಷ್ಟು ಬಿಗಿ. ಒಂದು ಆಸ್ಪತ್ರೆ ಮಾರ್ಫಿನ್ ಇಡಬೇಕಾದರೆ ಹಲವು ಲೈಸೆನ್ಸ್ ಬೇಕಿತ್ತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟಾನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಈ ಆರನ್ನು ಅಗತ್ಯ ಔಷಧಿಗಳ ಸಾಲಿಗೆ ಸೇರಿಸಿದರು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಇವನ್ನು ಇಟ್ಟುಕೊಳ್ಳಬಹುದು. ಟ್ರಾಮಡಾಲ್ 2018ರಲ್ಲಿ ಎನ್‌ಡಿಪಿಎಸ್ ಒಳಗೆ ಬಂತು.

ಹಾಗಾಗಿ ಮಾರ್ಫಿನ್ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ ಎಂದು ಮೊದಲೇ ಕೇಳಿಕೊಳ್ಳಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಿಂದ ವಿಚಾರಿಸಲು ಶುರು ಮಾಡಿ. ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕೇರಳಕ್ಕೆ ಹೋಗುವುದು ಹೊಸದೇನಲ್ಲ. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಕೋಝಿಕ್ಕೋಡಿನಲ್ಲಿ 1993ರಲ್ಲೇ ನೋವಿನ ಆರೈಕೆಯ ಕ್ಲಿನಿಕ್ ಶುರುವಾಯಿತು, ಡಾ. ಎಂ. ಆರ್. ರಾಜಗೋಪಾಲ್ ಅದನ್ನು ಕಟ್ಟಿದವರಲ್ಲಿ ಒಬ್ಬರು. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯವೂ ಅಲ್ಲೇ ಇದೆ.

ಬಾಯಿಂದ ತೆಗೆದುಕೊಳ್ಳುವ ಸಾದಾ ಮಾರ್ಫಿನ್ ಮಾತ್ರೆಯ ಶಕ್ತಿ ಸುಮಾರು ನಾಲ್ಕು ಗಂಟೆ. ಅದನ್ನು ಗಡಿಯಾರ ನೋಡಿ ಕೊಡಬೇಕು, ನೋವು ಏರಲಿ ಎಂದು ಕಾಯಬಾರದು. ವಿಶ್ವ ಆರೋಗ್ಯ ಸಂಸ್ಥೆ 1986ರಿಂದ ಇದನ್ನೇ ಹೇಳುತ್ತಾ ಬಂದಿದೆ. ಮಧ್ಯದಲ್ಲಿ ನೋವು ಎದ್ದರೆ ಹೆಚ್ಚುವರಿ ಒಂದು ಡೋಸ್ ಇರುತ್ತದೆ. ಅದಕ್ಕೆ ರೆಸ್ಕ್ಯೂ ಡೋಸ್ ಎನ್ನುತ್ತಾರೆ. ಅತ್ತೆ ಕೇಳಿದ್ದು ಇದನ್ನೇ, ಹೆಸರು ಗೊತ್ತಿರಲಿಲ್ಲ ಅಷ್ಟೇ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಜೊತೆಗೇ ಇರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬರೆಸಿಕೊಳ್ಳಿ. ಪಪ್ಪಾಯಿ ತಿಂದರೆ ಸಾಕು ಅಂತ ನಾವು ಮೊದಲು ಸುಮ್ಮನಿದ್ದೆವು, ಸಾಕಾಗಲಿಲ್ಲ.

"ಮಾರ್ಫಿನ್ ಕೊಟ್ರು ಅಂದ್ರೆ ಕೊನೆ ಬಂತು" ಎಂದು ನಮ್ಮ ಕಡೆ ಹೇಳುತ್ತಾರೆ. ನಮ್ಮ ಮಾವನೂ ಹಾಗೇ ಹೆದರಿದ್ದರು. ಮಾರ್ಫಿನ್ ಶುರುವಾದ ಎರಡನೇ ವಾರ ಅತ್ತೆ ಅಡುಗೆಮನೆಗೆ ಬಂದು ಸ್ಟೂಲ್ ಮೇಲೆ ಕೂತು ಅಕ್ಕಿ ರೊಟ್ಟಿ ತಟ್ಟಿದರು. ಅದಾದ ಮೇಲೆ ಮಾವ ಆ ಮಾತು ಎತ್ತಲಿಲ್ಲ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಯಾವ ಟ್ರಯಲ್ ಬಂದರೂ ಈ ದಾರಿಯ ಪಕ್ಕದಲ್ಲಿಟ್ಟು ನೋಡಬೇಕು. ಟ್ರಯಲ್‌ಗೆ ಸೇರಿದರೂ ಸೇರದಿದ್ದರೂ ನೋವಿನ ಆರೈಕೆ ನಮಗೆ ಸಿಗಬೇಕಾದದ್ದು. ಅದನ್ನು ಆಸೆ ತೋರಿಸಿ ಯಾರೂ ಸಹಿ ಹಾಕಿಸಿಕೊಳ್ಳಬಾರದು.

ಆಪರೇಶನ್ ಸಮಯದ ಅಧ್ಯಯನಗಳು

ನಮ್ಮ ಜನರಿಗೆ ನಿಜವಾಗಿ ಎದುರಾಗುವುದು ಹೆಚ್ಚಾಗಿ ಇವೇ. ಮೆಡಿಕಲ್ ಕಾಲೇಜಿನಲ್ಲಿ ಎಂಡಿ ಓದುವ ಅನಸ್ತೇಶಿಯಾ ಡಾಕ್ಟರುಗಳು ಪ್ರಬಂಧ ಬರೆಯಲೇಬೇಕು. ಸಿಸೇರಿಯನ್, ಗರ್ಭಕೋಶದ ಆಪರೇಶನ್, ಮಂಡಿ ಚಿಪ್ಪು ಬದಲಾವಣೆ ಆದವರಲ್ಲಿ ಯಾವ ಅರಿವಳಿಕೆ ಕೊಟ್ಟರೆ ಆಮೇಲೆ ನೋವು ಕಡಿಮೆ, ಓಪಿಯಾಯ್ಡ್ ಎಷ್ಟು ಕಡಿಮೆ ಸಾಕು ಎಂದು ನೋಡುತ್ತಾರೆ. ಒಂದು ಗುಂಪಿಗೆ ಬೆನ್ನುಹುರಿಗೆ ಕೊಡುವ ಇಂಜೆಕ್ಷನ್ ಜೊತೆ ಸ್ವಲ್ಪ ಮಾರ್ಫಿನ್, ಇನ್ನೊಂದು ಗುಂಪಿಗೆ ನರದ ಬ್ಲಾಕ್, ಅಂದರೆ ಆ ಭಾಗದ ನರವನ್ನು ಮರಗಟ್ಟಿಸುವ ಇಂಜೆಕ್ಷನ್, ಹೀಗೆ.

ಇವುಗಳಿಗೆ ಹೂಂ ಅನ್ನುವುದು ಬಹುತೇಕ ಸುಲಭ. ಎರಡೂ ಗುಂಪಿಗೆ ಗೊತ್ತಿರುವ ಔಷಧಿಯೇ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ನೀವು ವಾರ್ಡಿನಲ್ಲೇ ಇರುತ್ತೀರಿ, ನರ್ಸ್ ಇರುತ್ತಾರೆ. ಒಂದೇ ಮಾತು ಕೇಳಿ: "ನೋವು ಜಾಸ್ತಿಯಾದರೆ ತಕ್ಷಣ ಬೇರೆ ಔಷಧಿ ಕೊಡ್ತೀರಾ?" ಕೊಡುತ್ತೇವೆ ಎಂದರೆ, ಅದು ಕಾಗದದಲ್ಲೂ ಇದ್ದರೆ, ನನ್ನ ಮಟ್ಟಿಗೆ ಅಷ್ಟು ಸಾಕು.

ಗೊತ್ತಿರುವ ಔಷಧಿಗೆ ಗೊತ್ತಿರುವ ಔಷಧಿಯನ್ನೇ ಹೋಲಿಸುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಬಗೆ. ಯಾರಿಗೂ ಹುಸಿ ಮಾತ್ರೆ, ಅಂದರೆ ಒಳಗೆ ಔಷಧಿಯೇ ಇಲ್ಲದ ಮಾತ್ರೆ ಇಲ್ಲ. ಎರಡೂ ಕಡೆ ನಿಜವಾದ ಔಷಧಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ.

ಇಟಲಿಯಲ್ಲಿ 240 ಕ್ಯಾನ್ಸರ್ ರೋಗಿಗಳ ಮೇಲೆ ಇಂಥ ಒಂದು ಅಧ್ಯಯನ ನಡೆಯಿತು, 2016ರಲ್ಲಿ ಫಲಿತಾಂಶ ಬಂತು. ಮಧ್ಯಮ ನೋವಿದ್ದವರಿಗೆ ಕೋಡೀನ್, ಟ್ರಾಮಡಾಲ್‌ನಂಥ ಸಣ್ಣ ಓಪಿಯಾಯ್ಡ್ ಮೊದಲು ಕೊಡಬೇಕಾ, ಇಲ್ಲ ನೇರವಾಗಿ ಕಡಿಮೆ ಡೋಸ್ ಮಾರ್ಫಿನ್ ಕೊಡಬಹುದಾ ಎಂಬುದು ಪ್ರಶ್ನೆ. 28 ದಿನ ನೋಡಿದರು. ಮಾರ್ಫಿನ್ ಗುಂಪಿನಲ್ಲಿ ಹೆಚ್ಚು ಜನರಿಗೆ ನೋವು ಇಳಿಯಿತು, ಅದೂ ಬೇಗ. ಆ 240 ಜನ ಸೇರದಿದ್ದರೆ ಡಾಕ್ಟರುಗಳು ಇನ್ನೂ ಊಹೆಯ ಮೇಲೆ ಬರೆಯುತ್ತಿದ್ದರು. ಟ್ರಯಲ್ ಎಂದರೆ ಬೇಡವೇ ಬೇಡ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ನಮ್ಮತ್ತೆಗೆ ಸಿಕ್ಕ ಮಾರ್ಫಿನ್ ಹಿಂದೆಯೂ ಯಾರೋ ಹೆಸರು ಗೊತ್ತಿಲ್ಲದವರ ನೋವಿನ ಲೆಕ್ಕ ಇದೆ.

ಆದರೆ ನಿಮ್ಮ ನೋವು ಯಾವ ಜಾತಿಯದು ಎಂಬುದು ಇಲ್ಲಿ ಬಹಳ ಮುಖ್ಯ. ಕ್ಯಾನ್ಸರ್ ನೋವು ಬೇರೆ, ತೋಟದ ಇಳಿಜಾರಿನಲ್ಲಿ ಇಪ್ಪತ್ತು ವರ್ಷ ಚೀಲ ಹೊತ್ತು ಬಂದ ಸೊಂಟನೋವು, ಮಂಡಿನೋವು ಬೇರೆ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬಹುಕಾಲದ ಸೊಂಟನೋವು, ಮಂಡಿ ಮತ್ತು ಸೊಂಟದ ಕೀಲಿನ ಸವೆತ ಇದ್ದ 240 ಜನರನ್ನು ಒಂದು ವರ್ಷ ಹಿಂಬಾಲಿಸಿದರು. 2018ರಲ್ಲಿ ಬಂದ ಉತ್ತರ: ಓಪಿಯಾಯ್ಡ್ ತೆಗೆದುಕೊಂಡವರ ಓಡಾಟ, ಕೆಲಸ ಬೇರೆ ಮಾತ್ರೆಯವರಿಗಿಂತ ಒಂದಿಷ್ಟೂ ಉತ್ತಮವಾಗಲಿಲ್ಲ, ತೊಂದರೆಗಳು ಮಾತ್ರ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಹೊಸದಾಗಿ ಸೊಂಟ ಅಥವಾ ಕುತ್ತಿಗೆ ಹಿಡಿದ 347 ಜನರಲ್ಲಿ ಕೆಲವರಿಗೆ ಓಪಿಯಾಯ್ಡ್, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ ಎರಡೂ ಒಂದೇ.

ಹಾಗಾಗಿ ಸಾದಾ ಸೊಂಟನೋವಿಗೆ ತಿಂಗಳುಗಟ್ಟಲೆ ಓಪಿಯಾಯ್ಡ್ ಕೊಡುವ ಟ್ರಯಲ್ ಎಂದು ಯಾರಾದರೂ ಕರೆದರೆ ನಾನು ಹೋಗುವುದಿಲ್ಲ, ನನ್ನ ಅಣ್ಣನನ್ನೂ ಕಳಿಸುವುದಿಲ್ಲ. ಅವನಿಗೆ ಡಿಸ್ಕ್ ಸಮಸ್ಯೆ ಇದೆ, ಸಂಜೆ ಒಂದೆರಡು ಪೆಗ್ ಅಭ್ಯಾಸವೂ ಇದೆ. ಮದ್ಯ ಮತ್ತು ಓಪಿಯಾಯ್ಡ್ ಸೇರಿದರೆ ಉಸಿರು ನಿಧಾನವಾಗುತ್ತದೆ, ನಿಂತೂ ಹೋಗಬಹುದು. ನಿದ್ದೆ ಮಾತ್ರೆ ಜೊತೆಗೂ ಅದೇ ಅಪಾಯ. ನಮ್ಮ ಕಡೆ ಮದುವೆ, ಪುತ್ತರಿ, ಕೈಲ್‌ಪೊಳ್ದ್ ಎಂದರೆ ಲೋಟ ಕೈಗೆ ಬರುತ್ತದೆ. ಟ್ರಯಲ್‌ನವರು ಕುಡಿಯುತ್ತೀರಾ ಎಂದು ಕೇಳಿದಾಗ ಮರ್ಯಾದೆಗೆ ಅಂಜಿ ಇಲ್ಲ ಅನ್ನಬೇಡಿ. ಇದ್ದದ್ದು ಹೇಳಿ. ಸೇರಿಸಿಕೊಳ್ಳದಿದ್ದರೆ ಬೇಡ, ಜೀವ ಉಳಿಯಿತು.

ಹೊಸ ಔಷಧಿ, ಹುಸಿ ಮಾತ್ರೆ

ಕಂಪನಿಗಳು ನಡೆಸುವ ಟ್ರಯಲ್ ಹೆಚ್ಚಾಗಿ ಇದು. ಒಂದು ಗುಂಪಿಗೆ ಹೊಸ ಔಷಧಿ, ಇನ್ನೊಂದಕ್ಕೆ ಪ್ಲಸೀಬೊ. ಅಂದರೆ ನೋಡಲು ಅದೇ ಮಾತ್ರೆ, ಒಳಗೆ ಔಷಧಿ ಇಲ್ಲ. ನಿಮಗೆ ಯಾವುದು ಬಂತು ಎಂದು ನಿಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಕೇಳಿದ ತಕ್ಷಣ ಸಿಟ್ಟು ಬರುತ್ತದೆ ಅಲ್ವಾ? ನೋವಿನಲ್ಲಿರುವವರಿಗೆ ಹಿಟ್ಟಿನ ಮಾತ್ರೆಯಾ ಎಂದು ನನಗೂ ಅನ್ನಿಸಿತು. ಆದರೆ ನೋವಿನ ವಿಷಯದಲ್ಲಿ ಸುಮ್ಮನೆ ಮಾತ್ರೆ ನುಂಗಿದರೂ ಎಷ್ಟೋ ಜನರಿಗೆ ಆರಾಮ ಅನ್ನಿಸುತ್ತದೆ. ಆ ಆರಾಮವನ್ನು ಕಳೆದು ಉಳಿದದ್ದು ಎಷ್ಟು ಎಂದು ತಿಳಿಯಲು ಪ್ಲಸೀಬೊ ಬೇಕಾಗುತ್ತದೆ. ಆದ್ದರಿಂದ ಪ್ಲಸೀಬೊ ಇದೆ ಎಂಬ ಒಂದೇ ಕಾರಣಕ್ಕೆ ಬೇಡ ಅನ್ನಬೇಕಿಲ್ಲ. ಅದರ ಜೊತೆ ರೆಸ್ಕ್ಯೂ ಡೋಸ್ ಏನು ಕೊಟ್ಟಿದ್ದಾರೆ ಎಂದು ನೋಡಬೇಕು.

ಒಂದು ಉದಾಹರಣೆ. ಓಪಿಯಾಯ್ಡ್ ಅಲ್ಲದ ಸುಜೆಟ್ರಿಜಿನ್ ಎಂಬ ಹೊಸ ನೋವಿನ ಔಷಧಿಗೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಾಲಿನ ಹೆಬ್ಬೆರಳ ಮೂಳೆಯ ಮತ್ತು ಹೊಟ್ಟೆಯ ಆಪರೇಶನ್ ಆದವರ ಮೇಲೆ ಅದನ್ನು ಪರೀಕ್ಷಿಸಿದ್ದರು. ಒಂದು ಗುಂಪಿಗೆ ಅದು, ಒಂದಕ್ಕೆ ಹೈಡ್ರೋಕೋಡೋನ್ ಮತ್ತು ಪ್ಯಾರಾಸಿಟಮಾಲ್, ಒಂದಕ್ಕೆ ಪ್ಲಸೀಬೊ. ನೋವು ತಡೆಯದಿದ್ದರೆ ಎಲ್ಲರಿಗೂ ಐಬುಪ್ರೊಫೆನ್ ಕೇಳುವ ಅವಕಾಶ ಇತ್ತು. ಹೊಸ ಔಷಧಿ ಪ್ಲಸೀಬೊಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ಓಪಿಯಾಯ್ಡ್ ಗುಂಪನ್ನು ಮೀರಿಸಲಿಲ್ಲ. ಹೊಸದು ಎಂದರೆ ಹಳೆಯದಕ್ಕಿಂತ ಮೇಲು ಎಂದೇ ಅರ್ಥ ಅಲ್ಲ ಎಂದು ನನಗೆ ಮನವರಿಕೆಯಾದದ್ದು ಇದನ್ನು ಓದಿದಾಗ.

ಆಪರೇಶನ್ ಆದ ಎರಡು ದಿನ ಆಸ್ಪತ್ರೆಯಲ್ಲಿ ಮಲಗಿ ಪ್ಲಸೀಬೊ ಗುಂಪಿನಲ್ಲಿ ಇರುವುದು ಒಂದು ಮಾತು. ಮೂಳೆಗೆ ಹರಡಿದ ಕ್ಯಾನ್ಸರ್ ಇಟ್ಟುಕೊಂಡು ನಾಪೋಕ್ಲು ಹತ್ತಿರದ ತೋಟದ ಮನೆಯಲ್ಲಿ ಅದೇ ಗುಂಪಿನಲ್ಲಿ ಇರುವುದು ಬೇರೆ ಮಾತು. ಎರಡನೆಯದಕ್ಕೆ ನಾನು ಒಪ್ಪುವುದು ಒಂದೇ ಷರತ್ತಿನ ಮೇಲೆ: ಈಗ ತೆಗೆದುಕೊಳ್ಳುತ್ತಿರುವ ಮಾರ್ಫಿನ್ ಹಾಗೇ ಮುಂದುವರಿಯಬೇಕು, ಹೊಸದನ್ನು ಅದರ ಮೇಲೆ ಸೇರಿಸಬೇಕು. ಅಂಥ ಟ್ರಯಲ್‌ಗಳೂ ಇರುತ್ತವೆ, ಕೇಳಿ ನೋಡಿ.

ಇನ್ನೊಂದು ಬಗೆಯ ಬಗ್ಗೆ ಎಚ್ಚರ ಹೇಳಲೇಬೇಕು. ಮೊದಲು ಎಲ್ಲರಿಗೂ ನಿಜವಾದ ಓಪಿಯಾಯ್ಡ್ ಕೊಡುತ್ತಾರೆ. ಕೆಲವು ವಾರದ ಮೇಲೆ, ಯಾರಿಗೆ ಗುಣ ಕಂಡಿತೋ ಅವರನ್ನು ಮಾತ್ರ ಎರಡು ಗುಂಪು ಮಾಡುತ್ತಾರೆ. ಅರ್ಧ ಜನಕ್ಕೆ ಔಷಧಿ ಮುಂದುವರಿಯುತ್ತದೆ, ಉಳಿದವರಿಗೆ ಅದನ್ನು ಇಳಿಸಿ ಪ್ಲಸೀಬೊ ಶುರು. ಸಕ್ಕರೆ ಕಾಯಿಲೆಯ ನರದ ನೋವಿಗೆ ಟಪೆಂಟಾಡಾಲ್ ಪರೀಕ್ಷಿಸಿದ್ದು ಹೀಗೇ. ಮನೆಯವರಿಗೆ ಇದು ಕ್ರೂರ ಅನ್ನಿಸಬಹುದು. ನೋವು ಇಳಿದು ಅಮ್ಮ ನಕ್ಕಿದ್ದನ್ನು ನೋಡಿದ್ದೀರಿ, ಮರುವಾರ ಮತ್ತೆ ಮುಲುಕಾಟ. ಜೊತೆಗೆ ಓಪಿಯಾಯ್ಡ್ ಬೇಗ ಇಳಿಸಿದರೆ ಬೆವರು, ನಡುಕ, ಭೇದಿ, ನಿದ್ದೆ ಇಲ್ಲ. ಇಂಥದ್ದಕ್ಕೆ ಸೇರುವುದಾದರೆ ಎಷ್ಟು ದಿನದಲ್ಲಿ ಇಳಿಸುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಿ.

ಪ್ಯಾಚ್‌ನ ಮಾತು

ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪ್ಯಾಚ್ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಬದಲಾಯಿಸುವಂಥದ್ದು. ನುಂಗಲು ಆಗದವರಿಗೆ ದೊಡ್ಡ ಉಪಕಾರ. ಆಸ್ಪತ್ರೆಗೆ ದೂರ ಇರುವ ನಮಗೆ ಇದೇ ಅನುಕೂಲ ಅನ್ನಿಸುತ್ತದೆ, ಮಾತ್ರೆಗೂ ಪ್ಯಾಚ್‌ಗೂ ಹೋಲಿಕೆ ಮಾಡುವ ಅಧ್ಯಯನಕ್ಕೆ ಕರೆದರೆ ಪ್ಯಾಚ್ ಸಿಗಲಿ ಎಂದು ಆಸೆಪಡುತ್ತೇವೆ.

ಆದರೆ ಮಳೆಗಾಲದ ಕೊಡಗಿನ ಮನೆಯನ್ನು ನೆನಪಿಸಿಕೊಳ್ಳಿ. ಹಿರಿಯರು ಒಲೆ ಬಿಟ್ಟು ಏಳುವುದಿಲ್ಲ. ಬಚ್ಚಲ ಹಂಡೆಯ ಸುಡುನೀರು, ಬೆನ್ನಿಗೆ ಬಿಸಿನೀರಿನ ಚೀಲ, ಮೇಲೆ ಎರಡು ಕಂಬಳಿ. ಬಿಸಿ ತಾಗಿದರೆ ಪ್ಯಾಚ್‌ನಿಂದ ಔಷಧಿ ಒಂದೇ ಸಲ ಜಾಸ್ತಿ ಒಳಗೆ ಹೋಗುತ್ತದೆ. ಜ್ವರ ಬಂದರೂ ಹಾಗೆಯೇ. ಉಸಿರಿಗೆ ಅಪಾಯ. ಇಂಗ್ಲಿಷ್ ಕಾಗದದಲ್ಲಿ ಹೀಟಿಂಗ್ ಪ್ಯಾಡ್ ಬಳಸಬೇಡಿ ಎಂದು ಬರೆದಿರುತ್ತದೆ, ಒಲೆ ಪಕ್ಕ ಕೂರಬೇಡಿ ಎಂದು ಯಾರೂ ಬರೆದಿರುವುದಿಲ್ಲ. ನಾವೇ ಹೇಳಬೇಕು. ಪ್ಯಾಚ್ ಹಚ್ಚಿದ ಮೊದಲ ಅರ್ಧ ದಿನ ಅದು ಪೂರ್ತಿ ಏರಿರುವುದಿಲ್ಲ, ತೆಗೆದ ಮೇಲೂ ಗಂಟೆಗಟ್ಟಲೆ ಒಳಗೆ ಇರುತ್ತದೆ. ಮೊದಲು ಓಪಿಯಾಯ್ಡ್ ತೆಗೆದುಕೊಂಡು ಅಭ್ಯಾಸ ಇಲ್ಲದವರಿಗೆ ಪ್ಯಾಚ್ ಹಾಕಬಾರದು. ತೆಗೆದದ್ದನ್ನು ಅಂಟು ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಹಾಗೆ ವಿಲೇವಾರಿ ಮಾಡಬೇಕು. ಬಳಸಿದ ಪ್ಯಾಚ್‌ನಲ್ಲಿ ಉಳಿದ ಔಷಧಿಯೇ ಮಗುವಿಗೆ ಜೀವ ತೆಗೆಯುವಷ್ಟಿರುತ್ತದೆ.

ಇನ್ನು ಸುಮ್ನೆ ಪ್ರಶ್ನೆ ಕೇಳಿ ಬರೆದುಕೊಳ್ಳುವ ಅಧ್ಯಯನಗಳು. ಔಷಧಿ ಬದಲಾಗುವುದಿಲ್ಲ, ತಿಂಗಳಿಗೊಮ್ಮೆ ಫೋನ್ ಮಾಡಿ ನೋವು ಎಷ್ಟು, ನಿದ್ದೆ ಹೇಗೆ ಎಂದು ಕೇಳುತ್ತಾರೆ. ಹೆಸರು ಗುಟ್ಟಾಗಿ ಇಡುತ್ತಾರಾ ಎಂದು ಕೇಳಿ ಹೂಂ ಅನ್ನಿ.

ಕಾಗದದಲ್ಲಿ ಏನು ನೋಡಬೇಕು

ಭಾರತದಲ್ಲಿ ಹೊಸ ಔಷಧಿಗಳ ಟ್ರಯಲ್‌ಗೆ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇವೆ. ನಮ್ಮ ಪರವಾಗಿ ಇರುವ ಮಾತು ಅದರಲ್ಲಿ ಬಹಳ ಇದೆ, ಹೇಳುವವರು ಕಡಿಮೆ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೇಳಿ, ಇಲ್ಲ ಅಂದರೆ ಸಹಿ ಇಲ್ಲ. ಓದಲು ಬರದವರಿಗೆ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಪಕ್ಕದಲ್ಲಿ ಇರಬೇಕು. ಹಿಂದೆಂದೂ ಬಳಕೆಯಾಗದ ಹೊಸ ರಾಸಾಯನಿಕದ ಟ್ರಯಲ್‌ಗೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವುದಾದರೆ ಒಪ್ಪಿಗೆಯನ್ನು ವಿಡಿಯೋ ಮಾಡಬೇಕು. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಇರುವ ಎರವ, ಜೇನುಕುರುಬ ಕುಟುಂಬಗಳ ವಿಷಯದಲ್ಲಿ ಇದು ತುಂಬಾ ಮುಖ್ಯ. ಅವರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿದ್ದಾರೆ, ಆ ನೋವು ಎದ್ದಾಗ ಓಪಿಯಾಯ್ಡ್ ಬೇಕಾಗುತ್ತದೆ. ತೋಟದ ಯಜಮಾನರು ಕರೆದುಕೊಂಡು ಹೋಗಿ ನಿಲ್ಲಿಸಿದರೆ ಅವರು ಬೇಡ ಅನ್ನುವುದು ಹೇಗೆ? ಯಜಮಾನರು ಆ ಹೊತ್ತಿಗೆ ಹೊರಗೆ ಇರಲಿ. ನಮ್ಮ ಮನೆಯವರಿಗೂ ನಾನು ಇದನ್ನೇ ಹೇಳಿದ್ದೇನೆ.

ಸಿಟಿಆರ್‌ಐ ನಂಬರ್ ಕೇಳಿ. ಅದು ದೇಶದ ಟ್ರಯಲ್‌ಗಳ ದಾಖಲೆ ಪುಸ್ತಕ ಇದ್ದ ಹಾಗೆ, 2007ರಲ್ಲಿ ಶುರುವಾಯಿತು. ನಂಬರ್‌ನಲ್ಲೇ ವರ್ಷ, ತಿಂಗಳು ಇರುತ್ತದೆ. ವೆಬ್‌ಸೈಟಿನಲ್ಲಿ ಹಾಕಿದರೆ ಎಷ್ಟು ಜನರನ್ನು ಸೇರಿಸುತ್ತಾರೆ, ಯಾವುದಕ್ಕೆ ಯಾವುದನ್ನು ಹೋಲಿಸುತ್ತಾರೆ, ಹಣ ಯಾರದು ಎಲ್ಲಾ ಕಾಣುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ.

ಟ್ರಯಲ್‌ಗೆ ಸೇರಿದವರ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಕಾಗದದಲ್ಲಿ ಇರಬೇಕು. ಆ ಕಮಿಟಿಯಲ್ಲಿ ಕಡಿಮೆ ಎಂದರೆ 7 ಜನ, ಅರ್ಧದಷ್ಟಾದರೂ ಆ ಆಸ್ಪತ್ರೆಯ ಹೊರಗಿನವರು. ಕಾನೂನು ತಿಳಿದವರು, ನಮ್ಮಂಥ ಸಾಮಾನ್ಯ ವ್ಯಕ್ತಿ ಒಬ್ಬರೂ ಇರಬೇಕು.

ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟು ವಯಸ್ಸು ಮತ್ತು ಕಾಯಿಲೆಯ ತೀವ್ರತೆ ನೋಡಿ ಲೆಕ್ಕ ಹಾಕುತ್ತಾರೆ. ಕಾಯಿಲೆ ತುಂಬಾ ಮುಂದುವರಿದಿದ್ದರೆ ಮೊತ್ತ ಇಳಿಯುತ್ತದೆ, ಇದು ನನಗೆ ಸರಿ ಕಾಣುವುದಿಲ್ಲ. ಒಂದು ಅಂಶ ಮಾತ್ರ ಅತ್ತೆಯ ಪ್ರಶ್ನೆಗೆ ನೇರ ತಾಗುತ್ತದೆ. ಪ್ಲಸೀಬೊ ಟ್ರಯಲ್‌ನಲ್ಲಿ ಕೊಡಬೇಕಾದ ಸರಿಯಾದ ಚಿಕಿತ್ಸೆ ಲಭ್ಯ ಇದ್ದೂ ಕೊಡದೆ ಹಾನಿಯಾದರೆ, ರೆಸ್ಕ್ಯೂ ಔಷಧಿ ಇದ್ದೂ ನಿಯಮದಂತೆ ಕೊಡದೆ ಹಾನಿಯಾದರೆ, ಅದೂ ಟ್ರಯಲ್‌ನಿಂದಾದ ಹಾನಿ ಎಂದೇ ಲೆಕ್ಕ. ಅಂದರೆ ರಾತ್ರಿಯ ಮಾತ್ರೆ ಅವರು ಮಾಡುವ ಉಪಕಾರವಲ್ಲ, ಕಾನೂನಿನ ಬೆಂಬಲ ಇರುವ ಹಕ್ಕು.

ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಕಾರಣ ಹೇಳಬೇಕಿಲ್ಲ, ಮುಂದಿನ ಚಿಕಿತ್ಸೆಗೆ ತೊಂದರೆ ಆಗಬಾರದು. ಆದರೆ ಓಪಿಯಾಯ್ಡ್ ಆದ್ದರಿಂದ ಒಂದೇ ದಿನ ನಿಲ್ಲಿಸಬೇಡಿ. ಬಿಡುತ್ತೇನೆ ಎಂದು ಹೇಳಿ, ನಿಧಾನ ಇಳಿಸಲು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅದನ್ನು ರೇಷನ್ ಕಾರ್ಡ್ ಜೊತೆ ಇಡಿ.

ದೂರ, ಮಳೆ, ಕೊಯ್ಲು

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ 140ರ ಹತ್ತಿರ, ಬೆಂಗಳೂರಿಗೆ 260. ಜಿಲ್ಲೆಗೆ ರೈಲಿಲ್ಲ. ಮೂಳೆ ನೋವಿನವರನ್ನು ವಾರಕ್ಕೊಮ್ಮೆ ಘಟ್ಟದ ತಿರುವುಗಳಲ್ಲಿ ಕೂರಿಸಿಕೊಂಡು ಹೋಗುವುದು ಎಂದರೆ ಅದೇ ಒಂದು ನೋವು. 2018ರ ಆಗಸ್ಟಿನಲ್ಲಿ ಮಡಿಕೇರಿ ಸಂಪಾಜೆ ರಸ್ತೆ ಕುಸಿದು ವಾರಗಟ್ಟಲೆ ಬಂದ್ ಆದದ್ದು ನಮಗೆಲ್ಲ ನೆನಪಿದೆ. ಎಷ್ಟು ಭೇಟಿ, ಎಷ್ಟು ಫೋನಿನಲ್ಲೇ ಆಗುತ್ತದೆ, ಬಸ್ ಅಥವಾ ಕಾರಿನ ಖರ್ಚು ಕೊಡುತ್ತಾರಾ ಎಂದು ಮೊದಲೇ ಕೇಳಿ. ರಸ್ತೆ ಬಂದ್ ಆದರೆ ಅಂತ ಎರಡು ವಾರದ ಔಷಧಿ ಹೆಚ್ಚುವರಿ ಕೊಡಲು ಆಗುತ್ತದಾ ಎಂದೂ ಕೇಳಿ. ಎನ್‌ಡಿಪಿಎಸ್ ಕಟ್ಟುಪಾಡಿನಿಂದ ಆಗದಿದ್ದರೆ ಸ್ಥಳೀಯ ಆಸ್ಪತ್ರೆಯಲ್ಲಿ ಯಾರ ಬಳಿ ಹೋಗಬೇಕು ಎಂದು ಬರೆದುಕೊಡಲಿ. ಉಸಿರು ತೀರಾ ನಿಧಾನವಾದರೆ ಕೊಡುವ ನಲಾಕ್ಸೋನ್ ಇಂಜೆಕ್ಷನ್ ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದೂ ಆ ಚೀಟಿಯಲ್ಲಿ ಇರಲಿ.

ಮಳೆ ನಿಂತರೆ ಕೊಯ್ಲು. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಆಗ ಮನೆಯಲ್ಲಿ ಕರೆದುಕೊಂಡು ಹೋಗುವವರೇ ಇರುವುದಿಲ್ಲ. ಇದನ್ನು ಹೇಳಲು ಸಂಕೋಚ ಬೇಡ. ಅರ್ಧಕ್ಕೆ ಬಿಟ್ಟು ಹೋಗುವುದಕ್ಕಿಂತ ಮೊದಲೇ ಹೇಳುವುದು ಅವರಿಗೂ ಒಳ್ಳೆಯದು.

ದಿನಾ ನೋವಿನ ಡೈರಿ ಬರೆಯಬೇಕಾಗುತ್ತದೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳುತ್ತಾರೆ. ಅತ್ತೆಗೆ ಮೊದಲು ಇದು ಹಿಡಿಸಲಿಲ್ಲ. "ಗದ್ದೆ ನಾಟಿಯ ಮರುದಿನದ ಹಾಗಿದೆ" ಅನ್ನುತ್ತಿದ್ದರು. ಅದು ಹತ್ತರಲ್ಲಿ ಎಷ್ಟು ಎಂದು ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಆರು ಎಂದು ಒಪ್ಪಂದವಾಯಿತು.

ಕೊನೆಗೆ ಅತ್ತೆ ಸೇರಿದ್ದು ಗೊತ್ತಿರುವ ಎರಡು ಓಪಿಯಾಯ್ಡ್‌ಗಳನ್ನು ಹೋಲಿಸುವ ಬೇರೊಂದು ಅಧ್ಯಯನಕ್ಕೆ, ಕಾವೇರಿ ಸಂಕ್ರಮಣ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮಾರ್ಫಿನ್‌ನಿಂದ ನೋವು ಹಿಡಿತಕ್ಕೆ ಬಂದಿತ್ತು, ಅವರೇ ಯೋಚಿಸಿ ಹೇಳುವ ಸ್ಥಿತಿಯಲ್ಲಿದ್ದರು. ಕಾಗದ ಕನ್ನಡದಲ್ಲಿತ್ತು. ಮನೆಗೆ ಕೊಟ್ಟು ಕಳಿಸಿದ್ದರು, ನಾಲ್ಕು ದಿನ ಓದಿದೆವು. ಸಹಿಯ ದಿನ ಅತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಈ ಸಲದ ಡಾಕ್ಟರಮ್ಮ ಆರನೇ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ರಾತ್ರಿ ತೆಗೆದುಕೊಳ್ಳಬೇಕಾದ ಮಾತ್ರೆಯ ಹೆಸರು, ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಅದಕ್ಕೂ ಬಗ್ಗದಿದ್ದರೆ ಯಾವ ನಂಬರಿಗೆ ಫೋನ್ ಎಂದು ಅಲ್ಲಿ ಬರೆದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಪೆನ್ನು ಕೇಳಿದರು.